ಚುಕ್ಕಿ ಮಾಸ್ತರ

ಸಿಂದಗಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಜೈನುದ್ದೀನ ಮಾಸ್ತರರಿಗೆ ‘ಚುಕ್ಕಿ ಮಾಸ್ತರ’ ಎಂಬ ಹೆಸರು ಬಿದ್ದದ್ದು ಐವತ್ತು ದಾಟಿದ ಮೇಲೆ. ಇಟ್ಟವರು ಅವರ ಮುಖವನ್ನೇ ನೋಡದ ಜನ. ಸಾಲಿಯ ಹುಡುಗರು ಅದಕ್ಕೂ ಮೊದಲೇ ಅವರಿಗೊಂದು ಹೆಸರು ಇಟ್ಟಿದ್ದರು, ಅದು ಇಲ್ಲಿ ಬೇಡ. ಆ ಹೆಸರಿಗೆ ಅವರು ನಕ್ಕು ಸುಮ್ಮನಾಗುತ್ತಿದ್ದರು. ಈ ಹೆಸರಿಗೆ ಮಾತ್ರ ನಗು ಬರಲಿಲ್ಲ.

ಊರಿಗೆ ಇಂಟರ್‌ನೆಟ್ ಬಂದು ಇನ್ನೂ ಹೊಸತು, ಎರಡು ಸಾವಿರದ ಆರನೆಯ ಇಸವಿಯ ಸುಮಾರು. ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಕಲ್ಮೇಶನ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಹೊಡೆಯುವ ಕಂಪ್ಯೂಟರಿನ ಮುಂದೆ ಕೂತು ಮಾಸ್ತರರು ಕನ್ನಡ ಕುಟ್ಟುವುದನ್ನು ಕಲಿತರು. ಕಲಿಸಿದವನು ಕಲ್ಮೇಶ, ಕಲಿ ಎಂದು ಬೆನ್ನುಹತ್ತಿದವನು ಸಂಜೀವಕುಮಾರ. ಸಂಜೀವಕುಮಾರ ವಿಜಾಪುರದಲ್ಲಿ ವಕೀಲ. ಇಂಡಿ ಊರಿನ ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚಿನವರು, ಒಂದೇ ಬಾಡಿಗೆ ಖೋಲಿಯವರು. ರವಿವಾರ ಬಂತೆಂದರೆ ಅಗರಖೇಡದಲ್ಲಿ ಜೈನುದ್ದೀನರ ಮನೆ, ಅವರ ತಾಯಿ ರಹಿಮಾಬಿ ಬಡಿದ ಬಿಸಿ ರೊಟ್ಟಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಬರೆಯುವ ಮಂದಿಯನ್ನೆಲ್ಲ ಕೂಡಿಸಿ ಒಂದು ಮೇಲ್ ಗುಂಪು ಕಟ್ಟೋಣ ಎಂದವನು ಸಂಜೀವಕುಮಾರನೇ. ನಮ್ಮ ಡೋಣಿ ಹೊಳೆಯ ದಂಡೆಯವರೆಂದು ‘ಡೋಣಿ ದಂಡಿ’ ಎಂದು ಹೆಸರಿಟ್ಟವನೂ ಅವನೇ. ಕೆಲಸ ಮಾತ್ರ ಮಾಸ್ತರರ ಕೊರಳಿಗೆ ಬಿತ್ತು.

ಕೆಲಸವೆಂದರೆ ಇಷ್ಟು. ಯಾರು ಏನು ಬರೆದು ಕಳಿಸಿದರೂ ಮೊದಲು ಮಾಸ್ತರರ ಕಣ್ಣಿಗೆ ಬೀಳಬೇಕು. ಅವರು ಒಪ್ಪಿಗೆ ಒತ್ತಿದ ಮೇಲೆಯೇ ಅದು ಎಲ್ಲರಿಗೂ ಹೋಗುವುದು, ಗುಂಪಿನ ಪುಟದಲ್ಲಿ ಉಳಿಯುವುದು. ಕೇಳಲು ಹಗುರ, ಹೊತ್ತವರಿಗೆ ಗೊತ್ತು. ಸಾಲಿ ಬಿಟ್ಟ ಮೇಲೆ ಕಲ್ಮೇಶನ ಅಂಗಡಿಗೆ ಹೋಗಿ ಕೂತರೆ ಕರೆಂಟು ಹೋಗಬೇಕು, ಬರಬೇಕು, ಮತ್ತೆ ಹೋಗಬೇಕು. ಆಮೇಲೆ ಮನೆಗೇ ಒಂದು ಕಂಪ್ಯೂಟರ್ ತಂದರು. ಹೆಂಡತಿ ಶಮಾ ಅದರ ಮೇಲೆ ಕಸೂತಿ ಹಾಕಿದ ಅರಿವೆ ಹೊದಿಸಿದಳು. ಮುಂದೆ ಹತ್ತಿದ ಜಗಳ ಮನೆಯೊಳಗೆ ಬಂದು ಕೂತದ್ದು ಹಾಗೆ.

ಬೈಗುಳ ಬಂದರೆ ಏನು ಮಾಡುವುದು ಎಂಬ ಪ್ರಶ್ನೆಗೆ ಮಾಸ್ತರರು ಸಾಲಿಯ ದಾರಿಯನ್ನೇ ಹಿಡಿದರು. ಹುಡುಗರ ನಿಬಂಧದಲ್ಲಿ ಕೆಟ್ಟ ಶಬ್ದ ಕಂಡರೆ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದವರು, ಇಲ್ಲಿ ಆ ಶಬ್ದವನ್ನು ಅಳಿಸಿ ಮೂರು ಚುಕ್ಕಿ ಇಡುತ್ತಿದ್ದರು. ಯಾರಿಗೂ ನೋವಿಲ್ಲ, ಬರಹವೂ ಉಳಿಯಿತು. ಇದಕ್ಕಿಂತ ಒಳ್ಳೆಯ ಉಪಾಯ ಇನ್ನೇನಿದೆ ಎಂದು ಅವರಿಗೆ ಒಳಗೊಳಗೆ ಹೆಮ್ಮೆಯೂ ಇತ್ತು. ಪಾಪ, ಆ ಹೆಮ್ಮೆ ಬಹಳ ದಿನ ಬಾಳಲಿಲ್ಲ.

ಗುಂಪು ಬೆಳೆಯಿತು. ನಮ್ಮ ಕಡೆಯವರು ಕಡಿಮೆಯಾಗಿ ಮೈಸೂರು, ಶಿವಮೊಗ್ಗ, ಪುಣೆ ಕಡೆಯವರು ಹೆಚ್ಚಾದರು. ಸಂಜೀವಕುಮಾರನಿಗೆ ಅದೇ ಬೇಕಾಗಿತ್ತು. ಕಾನೂನು ಓದಲು ಬೆಂಗಳೂರಿಗೆ ಹೋದಾಗ ಹಾಸ್ಟೆಲಿನಲ್ಲಿ ಅವನು ಬಾಯಿ ತೆರೆದರೆ ಸಾಕು, ಹುಡುಗರು ನಗುತ್ತಿದ್ದರಂತೆ. ‘ನಿಮ್ಮ ಕಡೆ ಮಾತಾಡೋದೂ ಜಗಳ ಆಡಿದ ಹಾಗೇ ಇರತ್ತೆ’ ಎನ್ನುತ್ತಿದ್ದರಂತೆ. ಅಂದಿನಿಂದ ಅವನು ಪುಸ್ತಕದ ಕನ್ನಡವನ್ನು ಇಸ್ತ್ರಿ ಮಾಡಿದ ಅಂಗಿಯಂತೆ ತೊಟ್ಟುಕೊಂಡೇ ಹೊರಗೆ ಬರುತ್ತಿದ್ದ. ಅದನ್ನು ತೆಗೆದಿಡುತ್ತಿದ್ದದ್ದು ಜೈನುದ್ದೀನರೊಬ್ಬರ ಮುಂದೆ. ಫೋನು ಎತ್ತಿದರೆ ನಮಸ್ಕಾರವಿಲ್ಲ, ಕ್ಷೇಮವಿಲ್ಲ. ‘ಲೇ ಭಾಡ್ಯಾ, ಸತ್ತಿಯೇನು?’ ಎಂದೇ ಶುರು. ‘ಇನ್ನೂ ಇಲ್ಲಲೇ ಭಾಡ್ಯಾ, ನಿನ್ನ ಮಣ್ಣ ಮಾಡಿ ಹೋಗ್ತೇನಿ’ ಎಂದು ಇವರ ಜವಾಬು. ಮೀಸೆ ಮೂಡುವ ಮೊದಲಿನಿಂದ ನಡೆದುಬಂದ ಮಾತು. ಎದುರಿಗೆ ಮಕ್ಕಳಿದ್ದಾರೆ ಎಂದು ಶಮಾ ಎಷ್ಟು ಸಲ ಕಣ್ಣು ಬಿಟ್ಟರೂ ಬಿಟ್ಟುಹೋಗಿರಲಿಲ್ಲ.

ಹೀಗಿರುವಾಗ ರಾಜೇಶ್ವರಿಯ ಬರಹ ಬಂತು. ಮುದ್ದೇಬಿಹಾಳದಲ್ಲಿ ಎಸ್‌ಟಿಡಿ ಬೂತು ಇಟ್ಟುಕೊಂಡು, ಅದರಲ್ಲೇ ಒಂದು ಝೆರಾಕ್ಸ್ ಯಂತ್ರ, ಒಂದು ಕಂಪ್ಯೂಟರ್ ಹಾಕಿಕೊಂಡಿದ್ದ ಹೆಂಗಸು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬರೆಯುತ್ತಿದ್ದಳು. ಮಾಸ್ತರರು ಜೀವಮಾನವೆಲ್ಲ ನಿಬಂಧ ತಿದ್ದಿದವರು. ತಾವೂ ಬರೆಯಬೇಕೆಂದು ಕೂತು, ನಾಲ್ಕು ಸಾಲು ಬರೆದು, ಅದೂ ನಿಬಂಧದ ಹಾಗೇ ಕಂಡು ಹರಿದು ಹಾಕಿದವರು. ಇವಳ ಬರಹ ಓದಿದಾಗ ಅವರಿಗೆ ಹೊಟ್ಟೆಕಿಚ್ಚು ಆಗಲಿಲ್ಲ, ಕಣ್ಣಲ್ಲಿ ನೀರು ಬಂತು.

ಬರಹ ಅವಳ ಆಯಿಯ ಬಗ್ಗೆ, ಅಂದರೆ ಅಜ್ಜಿಯ ಬಗ್ಗೆ. ಇಂಗಳೇಶ್ವರದ ಕಸ್ತೂರೆವ್ವ, ರಾಜೇಶ್ವರಿಯನ್ನು ಸಾಕಿದ ಮುದುಕಿ. ಮಗುವಿನ ಮೈ ಕಾದ ಹೆಂಚಾಗಿದೆ, ಬಾಗೇವಾಡಿಯ ಬಸ್ಸು ಹೋಗಿಬಿಟ್ಟಿದೆ. ಮುದುಕಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಾಳೆ. ದಾರಿಯುದ್ದಕ್ಕೂ ಮಗುವಿಗೆ ಬೈಯುತ್ತಾಳೆ. ‘ಹಡಬಿಟ್ಟಿ, ಯಾರಿಗಿ ಬೇಕಾಗಿದ್ದಿ ನೀ, ನಿನ್ನ ಹೆಣಾ ಎತ್ತಲಿ’ ಎಂದು ಹೆಜ್ಜೆಗೊಂದು ಬೈಗುಳ. ದವಾಖಾನೆಯ ಬಾಗಿಲಲ್ಲಿ ಮಗುವನ್ನು ಇಳಿಸಿ, ಬೈಯುವುದನ್ನು ನಿಲ್ಲಿಸಿ, ಗೋಡೆಗೆ ಒರಗಿ ಕೂತುಬಿಡುತ್ತಾಳೆ. ಅಷ್ಟೇ ಕಥೆ.

ಮಾಸ್ತರರು ಅದನ್ನು ಎರಡು ಸಲ ಓದಿದರು. ಆಮೇಲೆ ಮೈಸೂರಿನವರು ನೆನಪಾದರು, ಸಂಜೀವಕುಮಾರ ನೆನಪಾದ. ಕೈ ತಾನಾಗಿ ಹೋಯಿತು. ‘ಹಡಬಿಟ್ಟಿ’ ಇದ್ದಲ್ಲೆಲ್ಲ ಮೂರು ಚುಕ್ಕಿ. ‘ಹೆಣ’ ಎಂಬುದು ಅಶುಭ, ಹೆಣ್ಣುಮಕ್ಕಳು ಓದುತ್ತಾರೆ ಎಂದು ಅಲ್ಲಿಯೂ ಮೂರು ಚುಕ್ಕಿ. ಒಪ್ಪಿಗೆ ಒತ್ತಿ, ಚಹಾ ಕುಡಿಯಲು ಎದ್ದರು.

‘ನಿನ್ನ ಹೆಣಾ ಎತ್ತಲಿ’ ಎಂಬಲ್ಲಿ ಹೆಣವನ್ನು ತೆಗೆದು ಚುಕ್ಕಿ ಇಟ್ಟರೆ ಓದುವವನ ತಲೆಯಲ್ಲಿ ಏನು ಬಂದು ಕೂರುತ್ತದೆ ಎಂದು ಮಾಸ್ತರರು ಯೋಚಿಸಲಿಲ್ಲ. ಯೋಚಿಸಿದ್ದರೆ ಅವರಿಗೇ ನಗು ಬರುತ್ತಿತ್ತು. ಜನರಂತೂ ಬಿಡಲಿಲ್ಲ. ಮರುದಿನವೇ ಪುಣೆಯ ಒಬ್ಬ ಎಳೆಯ ಸದಸ್ಯ ‘ಬಿಟ್ಟ ಸ್ಥಳ ತುಂಬಿರಿ’ ಎಂದು ಬರೆದು ಕಳಿಸಿದ. ಅದನ್ನು ತಡೆದರೆ ತಾವು ತುಂಬಿದ ಶಬ್ದಗಳನ್ನು ನೇರವಾಗಿ ಒಬ್ಬರಿಗೊಬ್ಬರು ಕಳಿಸಿಕೊಂಡರು. ಮೈಸೂರಿನ ನಿವೃತ್ತ ಅಧಿಕಾರಿಯೊಬ್ಬರು, ಒಬ್ಬ ಅಜ್ಜಿ ಹಸುಗೂಸಿನ ಮೇಲೆ ಇಂಥ ಅಶ್ಲೀಲ ಪದ ಬಳಸುವ ಸಮಾಜ ಎಂಥದ್ದು ಎಂದು ಮರುಗಿ ಪುಟಗಟ್ಟಲೆ ಬರೆದರು. ನಿಡಗುಂದಿಯ ಒಬ್ಬ ಪಶುವೈದ್ಯ, ನಮ್ಮ ಮುದುಕಿಯರ ಬಾಯಿಗೆ ಬೀಗ ಹಾಕಲು ನೀವ್ಯಾರು ಎಂದು ತಿರುಗಿಬಿದ್ದ. ಬೈಗುಳ ಬೇಡ ಎಂದವರು ಬೈಗುಳ ಬೇಕು ಎಂದವರನ್ನು ಬೈದರು, ಇವರು ಅವರನ್ನು ಬೈದರು, ಮಾಸ್ತರರು ಕೂತು ಎರಡೂ ಕಡೆಯವರಿಗೆ ಚುಕ್ಕಿ ಇಟ್ಟರು. ಆಗಲೇ ‘ಚುಕ್ಕಿ ಮಾಸ್ತರ’ ಎಂಬ ಹೆಸರು ಹುಟ್ಟಿದ್ದು.

ಓಣಿಯ ಜಗಳ ಇದಕ್ಕಿಂತ ಮೇಲು. ಓಣಿಯಲ್ಲಿ ಕೂದಲು ಹಿಡಿದು ಬಡಿದಾಡಿದವರೂ ನಾಳೆ ಅದೇ ನಲ್ಲಿಗೆ ಕೊಡ ಹಿಡಿದು ನಿಲ್ಲಬೇಕು. ಈ ಜಗಳದಲ್ಲಿ ನಲ್ಲಿಯೂ ಇಲ್ಲ, ಕೊಡವೂ ಇಲ್ಲ. ಮುಖವಿಲ್ಲದವನು ಮುಖವಿಲ್ಲದವನಿಗೆ ಬರೆಯುತ್ತಾನೆ, ಉತ್ತರ ಬರುವ ತನಕ ಹಲ್ಲು ಕಡಿಯುತ್ತಾನೆ. ಮಾಸ್ತರರಿಗೆ ಸಾಲಿಯಲ್ಲಿ ಪಾಠ ಮಾಡುವಾಗಲೂ ಅದೇ ಧ್ಯಾನ. ಮನೆಗೆ ಬಂದು ಕಸೂತಿ ಅರಿವೆ ಸರಿಸಲು ಮನಸ್ಸೇ ಬರುತ್ತಿರಲಿಲ್ಲ.

ಸಂಜೀವಕುಮಾರ ಫೋನು ಮಾಡಿದ.

“ಲೇ ಭಾಡ್ಯಾ, ಏನ್ ನಡಸೀದಿ? ನಮ್ಮ ಮಾನ ಹರಾಜ ಆಗಾಕತ್ತೇತಿ. ಆ ಬರದದ್ದು ತಗದ ಒಗಿ.”

“ತಗದ್ರ ಆಕಿ ಬರಿಯೂದ ಬಿಡ್ತಾಳಲೇ. ನಮ್ಮ ಗುಂಪಿನ್ಯಾಗ ಖರೇ ಬರಿಯಾಕಿ ಆಕಿ ಒಬ್ಬಾಕಿ.”

“ಹಂಗಾರ ಬೈಗಳಾ ಬಿಟ್ಟು ಛಂದಂಗ ಬರಿ ಅಂತ ಹೇಳು. ಹೋಗಿ ಹೇಳಿ ಬಾ. ಇಲ್ಲಾಂದ್ರ ನಾ ಇದ್ರಾಗ ಇರೂದಿಲ್ಲ ನೋಡು, ಮೊದಲ ಹೇಳಾಕತ್ತೇನಿ.”

ಮುಂದಿನ ರವಿವಾರ ಮಾಸ್ತರರು ತಾಳಿಕೋಟಿಯ ಮೇಲೆ ಹಾಯ್ದು ಹೋಗುವ ಬಸ್ಸು ಹಿಡಿದು ಮುದ್ದೇಬಿಹಾಳಕ್ಕೆ ಹೋದರು. ದಾರಿಯಲ್ಲಿ ತಾವು ಹೇಳಬೇಕಾದ ಮಾತನ್ನು ಪಾಠದ ಹಾಗೆ ಮನಸ್ಸಿನಲ್ಲೇ ಸಿದ್ಧಮಾಡಿಕೊಂಡರು. ಬೂತಿನಲ್ಲಿ ರಾಜೇಶ್ವರಿ ಎದ್ದು ನಿಂತು, ಕುರ್ಚಿ ಒರೆಸಿ ಕೊಟ್ಟು, ನೀರು ಕೊಟ್ಟಳು. ಸಿಟ್ಟು ಮಾಡಲಿಲ್ಲ. ಮಾಸ್ತರರು ಅವಳ ಸಿಟ್ಟಿಗೆ ತಯಾರಾಗಿ ಬಂದಿದ್ದರು, ಈ ಮರ್ಯಾದೆಗೆ ತಯಾರಿರಲಿಲ್ಲ.

“ನಮ್ಮಾಯಿ ಏನಂದಿದ್ಲು ಅಂತ ಮಂದಿ ತಿಳಕೊಂಡಾರ, ಗೊತ್ತೈತಿಲ್ರಿ ಮಾಸ್ತರ?” ಎಂದಳು. “ನನಗೂ ಕಳಸ್ಯಾರ ಕೆಲವ್ರು. ಅವನ್ನ ಬಾಯಿಲೆ ಹೇಳಾಕ ಬರೂದಿಲ್ಲ.”

“ನಾ ಒಳ್ಳೇದಕ್ಕ ಮಾಡಿದ್ನೆವ್ವಾ.”

“ಹೌದ್ರಿ, ಗೊತ್ತೈತಿ.” ಅವಳು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. “ನನ್ನಕಿಂತ ಮೊದಲ ಹುಟ್ಟಿದ ಕೂಸುಗಳು ಒಂದೂ ಉಳಿಲಿಲ್ರಿ. ಹಿಂಗಾಗಿ ನಮ್ಮಾಯಿ ನನ್ನ ಹೆಸರ ಹಿಡದ ಕರೀಲೇ ಇಲ್ಲ. ಹೆಸರ ಕೂಗಿದ್ರ ಸಾವಿಗಿ ಗುರ್ತ ಸಿಗ್ತೈತಿ ಅಂತ. ಮುದ್ದ ಮಾಡಿದ್ರ ಅದಕ್ಕ ಆಸೆ ಹುಟ್ತೈತಿ ಅಂತ. ಅವತ್ತ ದಾರಿ ತುಂಬ ಬೈದದ್ದು ಯಾಕ? ಇದು ಯಾರಿಗೂ ಬ್ಯಾಡಾದ ಕೂಸು, ನೀ ಒಯ್ದು ಏನ್ ಮಾಡ್ತಿ ಅಂತ ಬೆನ್ನ ಹತ್ತಿದ ಸಾವಿಗಿ ಹೇಳಾಕತ್ತಿದ್ಲು. ಇದನ್ನೂ ಬಿಡಿಸಿ ಬರೀಬೇಕೇನ್ರಿ? ನಮ್ಮ ಕಡೆ ಯಾರಿಗಿ ಗೊತ್ತಿಲ್ಲ?”

ಮಾಸ್ತರರು ನೀರಿನ ಲೋಟವನ್ನು ಕೆಳಗಿಟ್ಟರು.

“ಸಾಲಿಗಿ ಹಚ್ಚೂ ತನಕ ನನಗ ಇದ್ದದ್ದು ‘ಹಡಬಿಟ್ಟಿ’ ಅನ್ನೂದ ಒಂದ ಹೆಸರ್ರಿ. ಅದರ ಮ್ಯಾಲ ನೀವು ಚುಕ್ಕಿ ಇಟ್ರಿ. ನಿಮ್ಮ ಮನ್ಯಾಗ ಬೈತಿರಲಿಲ್ಲೇನ್ರಿ?”

ಬೈಯುತ್ತಿದ್ದರು. ಬೈಯದೆ ಏನು! ರಹಿಮಾಬಿ ಬೈದಷ್ಟು ಯಾರೂ ಬೈದಿರಲಿಲ್ಲ. ಪರೀಕ್ಷೆಯಲ್ಲಿ ಮಗ ಮೊದಲ ನಂಬರು ಬಂದನೆಂದು ಊರವರು ಹೊಗಳಿದ ದಿನ ಆಕೆ ಸಂಜೆಯ ತನಕ ಬೈದಿದ್ದಳು, ಹೊಗಳಿಕೆಯ ದೃಷ್ಟಿ ಇಳಿಯಲೆಂದು. ಸಂಜೀವಕುಮಾರ ಜೊತೆಗಿದ್ದರೆ ಅವನಿಗೂ ಪಾಲು ಸಿಗುತ್ತಿತ್ತು. ‘ನಿಮ್ಮಿಬ್ಬರ ಹೆಣಾ ಎತ್ತಲಿ, ಇನ್ನೊಂದ ರೊಟ್ಟಿ ಉಂಡ ಏಳ್ರಿ.’ ಇದೆಲ್ಲ ಗೊತ್ತಿದ್ದೂ ಚುಕ್ಕಿ ಇಟ್ಟಿದ್ದರು. ಗೊತ್ತಿಲ್ಲದ ಮೈಸೂರಿನವರದು ತಪ್ಪಲ್ಲ, ಗೊತ್ತಿದ್ದ ತಮ್ಮದೇ ತಪ್ಪು ಎಂದು ಅವರಿಗೆ ಅನ್ನಿಸಿತು.

“ಬೈತಿದ್ಲವ್ವಾ,” ಎಂದರು.

“ಚುಕ್ಕಿ ತಗೀರಿ, ಇಲ್ಲಾ ಇಡೀ ಬರದದ್ದ ತಗೀರಿ. ನಮ್ಮಾಯೀನ ಹಿಂಗ ಅರ್ಧಾ ಬಾಯಿ ಮುಚ್ಚಿ ನಿಲ್ಲಸಬ್ಯಾಡ್ರಿ. ಹಂಗ ಬಿಟ್ರ ನಾ ಮತ್ತ ಬರಿಯೂದಿಲ್ರಿ.”

ಹೇಳಲು ತಂದಿದ್ದ ಪಾಠವನ್ನು ಹೇಳದೆಯೇ ಮಾಸ್ತರರು ಎದ್ದರು. ತಿರುಗಿ ಬರುವಾಗ ಬಸ್ಸಿನಲ್ಲಿ ಒಂದೇ ಲೆಕ್ಕ. ಚುಕ್ಕಿ ತೆಗೆದರೆ ಸಂಜ್ಯಾ ಹೋಗುತ್ತಾನೆ, ಉಳಿಸಿಕೊಂಡರೆ ಇವಳು ಹೋಗುತ್ತಾಳೆ. ಗುಂಪು ಹಾಳಾಗಿ ಹೋಗಲಿ ಎಂದರೆ ಅದಾದರೂ ಸುಲಭವಿತ್ತು. ಆದರೆ ಸಂಜ್ಯಾ? ಅವನು ಹಟಮಾರಿ. ಆಡಿದ ಮಾತಿನಿಂದ ಹಿಂದೆ ಸರಿಯುವವನಲ್ಲ. ಅವನಿಲ್ಲದ ದಿನಗಳು ಹೇಗಿರುತ್ತವೆ ಎಂದು ಮಾಸ್ತರರಿಗೆ ಕಲ್ಪನೆಯೂ ಬರಲಿಲ್ಲ.

ಆದರೂ ಮನೆಗೆ ಬಂದು, ಕೈಕಾಲು ತೊಳೆದು, ಅರಿವೆ ಸರಿಸಿ, ಚುಕ್ಕಿಗಳನ್ನೆಲ್ಲ ತೆಗೆದು ರಾಜೇಶ್ವರಿಯ ಬರಹವನ್ನು ಅವಳು ಬರೆದಂತೆಯೇ ಮತ್ತೊಮ್ಮೆ ಕಳಿಸಿದರು. ಕೆಳಗೆ ತಮ್ಮ ಹೆಸರಿನಲ್ಲಿ ಎರಡು ಸಾಲು: ‘ಚುಕ್ಕಿ ಇಟ್ಟದ್ದು ನನ್ನ ತಪ್ಪು. ಈ ಮುದುಕಿಯ ಬಾಯಿಂದ ಬಂದ ಒಂದು ಶಬ್ದವೂ ಹೊಲಸಲ್ಲ.’

ಓದಿದವರಲ್ಲಿ ಕೆಲವರು ಬೆಪ್ಪಾದರು. ಇಷ್ಟೇನಾ, ನಾವು ಏನೇನೋ ಅಂದುಕೊಂಡಿದ್ದೆವು ಎಂದು ಬರೆದರು. ಕೆಲವರು ಗುಂಪು ಬಿಟ್ಟರು. ಸಂಜೀವಕುಮಾರನ ಫೋನು ಬರಲಿಲ್ಲ. ಅವನ ಬರಹ ಬಂತು, ಎಲ್ಲರ ಬರಹದ ಹಾಗೆ ಮಾಸ್ತರರ ಒಪ್ಪಿಗೆಗೆ ಕಾಯುತ್ತ.

‘ಮಾನ್ಯ ಜೈನುದ್ದೀನ ಅವರಿಗೆ ಗೌರವಪೂರ್ವಕ ವಂದನೆಗಳು. ಕನ್ನಡದ ಮರ್ಯಾದೆ ಏನೆಂಬುದು ಆ ನುಡಿಯನ್ನು ತಾಯಿಯ ಬಾಯಿಂದ ಕಲಿತವರಿಗೆ ಸಹಜವಾಗಿ ತಿಳಿದಿರುತ್ತದೆ. ಪುಸ್ತಕದಿಂದ ಕಲಿತವರಿಗೆ ಅದು ತಿಳಿಯದಿದ್ದರೆ ಅವರನ್ನು ದೂರಲಾಗದು. ಈ ಬಳಗದ ಕೀಲಿಯನ್ನು ಅಂಥವರ ಕೈಗೆ ಕೊಟ್ಟ ತಪ್ಪು ನನ್ನದೇ. ಇದನ್ನು ಯಾರ ಮನಸ್ಸನ್ನೂ ನೋಯಿಸಲು ಬರೆದಿಲ್ಲ. ನಾನು ಬಳಗದಿಂದ ಹೊರನಡೆಯುತ್ತಿದ್ದೇನೆ. ತಮಗೆ ಶುಭವಾಗಲಿ.’

ಮಾಸ್ತರರು ಓದಿದರು. ಅಗರಖೇಡದ ಒಲೆಯ ಮುಂದೆ ಕೂತು, ರಹಿಮಾಬಿಯ ಬಾಯಿಂದ ಕನ್ನಡದಲ್ಲೇ ಬೈಸಿಕೊಂಡು ರೊಟ್ಟಿ ತಿಂದವನು ಬರೆದ ಮಾತು. ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಮಾಸ್ತರರ ಕೈ ಅಭ್ಯಾಸಬಲದಿಂದ ಚುಕ್ಕಿಗೆ ಹೋಯಿತು. ಮೇಲಿನಿಂದ ಕೆಳಗೆ ಹುಡುಕಿದರು, ಕೆಳಗಿನಿಂದ ಮೇಲೆ ಹುಡುಕಿದರು. ಅಳಿಸಬೇಕಾದ ಶಬ್ದ ಒಂದೂ ಸಿಗಲಿಲ್ಲ.

ಶಮಾ ಹಿಂದೆ ಬಂದು ನಿಂತು ಓದಿದಳು. “ಇದನ್ನ ಯಾಕ ಬಿಡ್ತೀರಿ? ಒಗೀರಿ ಅತ್ಲಾಗ.”

“ಇದ್ರಾಗ ಒಂದೂ ಕೆಟ್ಟ ಶಬ್ದ ಇಲ್ಲ,” ಎಂದು ಮಾಸ್ತರರು ಒಪ್ಪಿಗೆ ಒತ್ತಿದರು.

ಇಷ್ಟು ದಿನ ‘ಹಡಬಿಟ್ಟಿ’ ಎಂಬ ಒಂದು ಶಬ್ದಕ್ಕೆ ಕಚ್ಚಾಡಿದ ಅಷ್ಟು ಮಂದಿಯಲ್ಲಿ ಯಾರಿಗೂ ಈ ಬರಹದಲ್ಲಿ ತಪ್ಪು ಕಾಣಲಿಲ್ಲ. ಮೈಸೂರಿನ ಆ ನಿವೃತ್ತ ಅಧಿಕಾರಿಯಂತೂ, ಭಿನ್ನಾಭಿಪ್ರಾಯವನ್ನು ಹೇಗೆ ಸಭ್ಯವಾಗಿ ಹೇಳಬೇಕೆಂಬುದಕ್ಕೆ ಇದು ಮಾದರಿ ಎಂದು ಮೆಚ್ಚಿ ಬರೆದರು. ರಾಜೇಶ್ವರಿಯಿಂದ ಒಂದೇ ಸಾಲು ಬಂತು: ‘ನಮ್ಮಾಯಿ ಜೀವಮಾನದಲ್ಲಿ ಯಾರಿಗೂ ಇಷ್ಟು ಕೆಟ್ಟದಾಗಿ ಬೈದಿರಲಿಲ್ಲ.’ ಮಾಸ್ತರರು ಅದನ್ನೂ ಕಳಿಸಿದರು. ಕಳಿಸಿ, ಅರಿವೆ ಹೊದಿಸಿ, ಬಹಳ ದಿನ ಆ ಕಡೆ ಹೋಗಲಿಲ್ಲ.

ಜಗಳ ಅಲ್ಲಿಗೆ ನಿಂತಿತು. ಎಲ್ಲರೂ ದಣಿದಿದ್ದರು. ರಾಜೇಶ್ವರಿ ಬರೆಯುತ್ತಲೇ ಹೋದಳು, ಮಾಸ್ತರರು ಚುಕ್ಕಿ ಇಡದೆ ಕಳಿಸುತ್ತಲೇ ಹೋದರು. ಹೊಸ ಬೈಗುಳ ಬಂದರೆ ಈಗ ಶಬ್ದ ನೋಡುತ್ತಿರಲಿಲ್ಲ, ಯಾರು ಯಾರಿಗೆ ಯಾಕೆ ಅಂದರು ಎಂದು ನೋಡುತ್ತಿದ್ದರು. ಅದು ಚುಕ್ಕಿ ಇಡುವುದಕ್ಕಿಂತ ಹತ್ತುಪಟ್ಟು ದಣಿವಿನ ಕೆಲಸ. ಮನೆಯ ಫೋನು ಗಣಗುಟ್ಟಿದಾಗಲೆಲ್ಲ ಶಮಾ ಎತ್ತುವ ಮೊದಲು ಇವರು ಎತ್ತುತ್ತಿದ್ದರು. ಬೇರೆ ಯಾರೋ ಇರುತ್ತಿದ್ದರು.

ಮಾಸ್ತರರು ನಿವೃತ್ತರಾದಾಗ ಸಾಲಿಯಲ್ಲಿ ಬೀಳ್ಕೊಡುಗೆ ಸಭೆ ಇಟ್ಟರು. ಸಂಜೀವಕುಮಾರನನ್ನು ಕರೆಸಿದವರು ಹೆಡ್‌ಮಾಸ್ತರ ಮಡಿವಾಳಪ್ಪನವರು. ಇಬ್ಬರ ನಡುವೆ ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ಬರುವುದಿಲ್ಲ ಎಂದುಕೊಂಡಿದ್ದರು ಮಾಸ್ತರರು. ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೈಕಿನ ಮುಂದೆ ನಿಂತು ಬಹಳ ಹೊತ್ತು ಮಾತಾಡಿದ. ಶ್ರೀಯುತ ಜೈನುದ್ದೀನ ಅವರು ಈ ಭಾಗದ ಕನ್ನಡಕ್ಕೆ ಸಲ್ಲಿಸಿದ ಸೇವೆ ಅನನ್ಯ ಎಂದ. ಅವರ ಸಜ್ಜನಿಕೆ, ಅವರ ತಾಳ್ಮೆ, ಅವರ ವಿದ್ವತ್ತು ಎಂದ. ಜನ ಚಪ್ಪಾಳೆ ತಟ್ಟಿದರು. ಮಾಸ್ತರರು ಕೊರಳಿಗೆ ಹಾಕಿದ ಹಾರದ ಭಾರಕ್ಕೆ ಬಗ್ಗಿ ಕೂತಿದ್ದರು. ಅವ್ವ ಇದ್ದಿದ್ದರೆ ಇಷ್ಟು ಹೊಗಳಿಕೆಗೆ ಎಷ್ಟು ಬೈಯಬೇಕಾಗುತ್ತಿತ್ತೋ ಎಂದುಕೊಂಡರು.

ಸಭೆ ಮುಗಿದು ಜನ ಚಹಾದ ಕಡೆಗೆ ಹೋದಾಗ ಮಾಸ್ತರರೇ ಮೆಟ್ಟಿಲಿಳಿದು ಅವನ ಹತ್ತಿರ ಹೋದರು. ಹಾರ ತೆಗೆದು ಕೈಯಲ್ಲಿ ಹಿಡಿದಿದ್ದರು.

“ಲೇ ಭಾಡ್ಯಾ,” ಎಂದರು ಮೆಲ್ಲಗೆ, “ಇನ್ನೂ ಸತ್ತಿಲ್ಲೇನು?”

ಸಂಜೀವಕುಮಾರನ ತುಟಿ ಅಲುಗಿತು. ಒಂದು ಗಳಿಗೆ ಇಂಡಿಯ ಖೋಲಿಯ ಹುಡುಗ ಅವನ ಮುಖದಲ್ಲಿ ಇಣುಕಿದ ಹಾಗೆ ಕಂಡಿತು. ಹಿಂದೆ ಯಾರೋ ನಿಂತಿದ್ದರು. ಅವನು ಎರಡೂ ಕೈ ಜೋಡಿಸಿದ.

“ಆರಾಮ ಇದ್ದೇನ್ರಿ ಮಾಸ್ತರ. ತಬ್ಯತ್ ನೋಡ್ಕೋರಿ. ಬರ್ತೇನ್ರಿ,” ಎಂದು ಕಾರಿನ ಕಡೆಗೆ ನಡೆದ.

ಗಂಡಹೆಂಡತಿ ಆಟೋ ಬೇಡವೆಂದು ನಡೆದೇ ಮನೆಗೆ ಹೊರಟರು. ಹಾರ ಶಮಾಳ ಕೈಯಲ್ಲಿತ್ತು. ಸ್ವಲ್ಪ ದೂರ ಹೋದ ಮೇಲೆ ಅವಳೇ ಮಾತು ತೆಗೆದಳು.

“ಏನ ಅನ್ರಿ, ವಕೀಲ್ರು ನಿಮ್ಮ ಬಗ್ಗೆ ಎಷ್ಟ ಛಂದ ಮಾತಾಡಿದ್ರು.”

“ಹೌದು,” ಎಂದರು ಮಾಸ್ತರರು. “ಒಂದ ಒಂದು ಬೈಗಳಾ ಬೈಲಿಲ್ಲ.”